ನಾಲ್ಕನೆಯ ಅಧ್ಯಾಯ

"ಕೈ ಕುದುರಿದೆ ಕಣಮ್ಮ ನಿಂದು," ಎಂದಳು ಉಪನ್ಯಾಸಕಿ, ಪುಟದಿಂದ ತಲೆ ಎತ್ತದೆ. "ಈ ನಾಲ್ಕನೇ ಅಧ್ಯಾಯದಲ್ಲಿ ಎಲ್ಲೂ ಎಡವೋದೇ ಇಲ್ಲ. ಮೂರು ವರ್ಷದ ಹಿಂದೆ ಹೇಗೆ ಬರೀತಿದ್ದೆ, ನೆನಪಿದೆಯಾ? ಒಂದೊಂದು ವಾಕ್ಯ ಒಂದೊಂದು ಗೂಡ್ಸು ಗಾಡಿ!"

ಮೇಜಿನ ಆಚೆ ನಿಂತಿದ್ದ ಸಂಶೋಧನಾ ವಿದ್ಯಾರ್ಥಿನಿ ನಗಲಿಲ್ಲ. ಚೀಲದ ಹಿಡಿಯನ್ನು ಬೆರಳಿಗೆ ಸುತ್ತುವುದು, ಬಿಚ್ಚುವುದು, ಮತ್ತೆ ಸುತ್ತುವುದು ಮಾಡುತ್ತಿದ್ದಳು. ಅವಳ ಮಹಾಪ್ರಬಂಧದ ನಾಲ್ಕು ಪ್ರತಿಗಳು ಮೇಜಿನ ಮೇಲೆ ಒಂದರ ಮೇಲೊಂದು ಕೂತಿದ್ದವು. ಸಹಿ ಬೀಳಬೇಕಾದ ಪುಟಗಳಿಗೆ ಹಳದಿ ಚೀಟಿ ಅಂಟಿಸಿ ತಂದಿದ್ದಳು, ಮೇಡಂಗೆ ಹುಡುಕುವ ಕಷ್ಟ ಬೇಡವೆಂದು.

"ಶುಕ್ರವಾರ ಕೊನೇ ದಿನ ಮೇಡಂ," ಎಂದಳು ಮೆಲ್ಲಗೆ. "ಸಲ್ಲಿಸಿದ ರಸೀದಿ ತೋರಿಸಿದ್ರೆ ಸೋಮವಾರ ಸಂದರ್ಶನ ಆಗಿರೋ ಆ ಕಾಲೇಜಿನವರು ಕೆಲಸಕ್ಕೆ ಸೇರಿಸ್ಕೊಳ್ತಾರೆ. ತಪ್ಪಿದ್ರೆ ಮತ್ತೆ ಒಂದು ವರ್ಷ ನೋಂದಣಿ."

"ಗೊತ್ತು, ಗೊತ್ತು. ಹಾಕ್ತೀನಿ. ಗೈಡು ಅಂದ ಮೇಲೆ ಎರಡು ಪುಟನಾದ್ರೂ ನೋಡಬೇಡವಾ?" ಉಪನ್ಯಾಸಕಿ ಪೆನ್ನಿನ ಮುಚ್ಚಳ ತೆಗೆದಿಟ್ಟುಕೊಂಡೇ ಮುಂದಿನ ಸಾಲಿಗೆ ಹೋದಳು.

ಕಾಯುವ ಕೋಣೆಯಲ್ಲಿ ಕುರ್ಚಿ ಎಂಬುದು ಬರಿಯ ಆಸನವಲ್ಲ. ಅದು ಸರದಿಯ ಗುರುತು.

ಅವಳ ಕಣ್ಣು ಅಲ್ಲಿಯೇ ನಿಂತಿತು. 'ಸರದಿಯ ಗುರುತು' ಎಂಬ ಆ ಎರಡು ಪದಗಳು ಯಾವ ಬೆಳಿಗ್ಗೆ ಹೊಳೆದವೆಂದು ಅವಳಿಗೆ ಗೊತ್ತಿತ್ತು. ಅಡುಗೆಮನೆಯ ಮೇಜಿನ ಮೇಲೆ, ಹಾಲು ಉಕ್ಕಿ ಒಲೆಯ ಮೇಲೆಲ್ಲ ಹರಿದ ಬೆಳಿಗ್ಗೆ. ಹಾಲನ್ನು ನೋಡದೆ ಏನು ನೋಡುತ್ತಿದ್ದೆ ಎಂದು ಅತ್ತೆ ಕೇಳಿದಾಗ, "ಒಂದು ಪದ ನೋಡ್ತಿದ್ದೆ ಅತ್ತೆ" ಎಂದಿದ್ದಳು.

ಮೊದಲು ಬಂದ ಯೋಚನೆ: ಈ ಹುಡುಗಿ ಕದ್ದಿದ್ದಾಳೆ. ಅವತ್ತು ತಾನು ತಿದ್ದಿಕೊಟ್ಟ ನಲವತ್ತಾರನೇ ನಂಬರಿನ ಕಡತ ಯಾರದೋ, ಅವರ ಬರಹವನ್ನು ಎತ್ತಿ ತನ್ನದರಲ್ಲಿ ಹಾಕಿಕೊಂಡಿದ್ದಾಳೆ. ಉಪನ್ಯಾಸಕಿ ಪ್ರತಿಯನ್ನು ಮುಚ್ಚಿ ರಟ್ಟನ್ನು ನೋಡಿದಳು. ಆಸ್ಪತ್ರೆಗಳ ಕಾಯುವ ಕೋಣೆಗಳಲ್ಲಿ ಸಾಮಾಜಿಕ ಸಂಬಂಧಗಳು ಎಂದಿತ್ತು.

"ನಿನ್ನ ವಿಷಯ ವಿದ್ಯಾರ್ಥಿನಿಲಯದ ಅಡುಗೆಮನೆ ಅಲ್ವಾ?"

ಹುಡುಗಿ ಚೀಲದ ಹಿಡಿಯನ್ನು ಬಿಟ್ಟಳು. "ಬದಲಾಯಿಸಿದ್ವಲ್ಲ ಮೇಡಂ. ಹೋದ ವರ್ಷವೇ. ನೀವೇ ಸಹಿ ಹಾಕಿದ್ದು."

"ಹೂಂ, ಹೌದಲ್ಲ," ಎಂದಳು ಉಪನ್ಯಾಸಕಿ, ನೆನಪಾದವಳ ಹಾಗೆ. ಆಮೇಲೆ ಪೆನ್ನಿಗೆ ಮುಚ್ಚಳ ಹಾಕಿದಳು. "ಒಂದು ಪ್ರತಿ ಇಲ್ಲಿರಲಿ. ಪೂರ್ತಿ ಓದಿ ಹಾಕ್ತೀನಿ. ಶುಕ್ರವಾರ ಬೆಳಿಗ್ಗೆ ಬಂದುಬಿಡು."

"ಪೂರ್ತಿನಾ?" ಎಂದಳು ಹುಡುಗಿ. ಆ ಒಂದು ಪದದಲ್ಲಿ ಏನಿತ್ತೆಂದು ಉಪನ್ಯಾಸಕಿಗೆ ಆಗಲೂ ತಿಳಿಯಲಿಲ್ಲ, ಆಮೇಲೂ ತಿಳಿಯಲಿಲ್ಲ.

*

ವಿಭಾಗದಲ್ಲಿ ಪಾಠ ಮಾಡುವವರು ಆರು ಜನ. ಅವರ ಕೆಲಸಗಳು ಹನ್ನೊಂದು. ಒಬ್ಬರು ಬೆಳಗಿನ ಜಾವ ಸ್ಪರ್ಧಾ ಪರೀಕ್ಷೆಯ ತರಗತಿಗೆ ಹೋಗುತ್ತಿದ್ದರು. ಇನ್ನೊಬ್ಬರ ಹೆಂಡತಿಯ ಹೆಸರಿನಲ್ಲಿ ಮನೆ ಬಾಡಿಗೆಗೆ ಕೊಡಿಸುವ ಕಚೇರಿ ಇತ್ತು, ಹೆಂಡತಿ ಅದನ್ನು ಹೊರಗಿನಿಂದ ಮಾತ್ರ ನೋಡಿದ್ದರು. ವಿಮೆ ಮಾಡಿಸುತ್ತಿದ್ದ ಸಹೋದ್ಯೋಗಿಗೆ 'ಪಾಲಿಸಿ' ಎಂದೇ ಹೆಸರು ನಿಂತು, ಹಾಜರಿ ಪುಸ್ತಕದಲ್ಲಿರುವ ಹೆಸರು ವಿದ್ಯಾರ್ಥಿಗಳಿಗೆ ಮರೆತೇಹೋಗಿತ್ತು. ಎರಡನೇ ಕೆಲಸ ಇಲ್ಲದವರು ಮುಖ್ಯಸ್ಥರೊಬ್ಬರೇ. ಅವರು ರಜೆ ಮೇಲಿದ್ದರು.

ಉಪನ್ಯಾಸಕಿಯ ಎರಡನೇ ಕೆಲಸ ಶುರುವಾದದ್ದು ಗಂಡನ ಕಾರ್ಖಾನೆ ಮುಚ್ಚಿದ ವರ್ಷ. ಗಂಡ ಬೇರೆ ಊರಿನಲ್ಲಿ ಬೇರೆ ಕೆಲಸ ಹಿಡಿದ ಮೇಲೆ ಅದು ನಿಲ್ಲಬೇಕಿತ್ತು, ನಿಲ್ಲಲಿಲ್ಲ. ಬಸ್ ನಿಲ್ದಾಣದ ಹಿಂದಿನ ಗಲ್ಲಿಯಲ್ಲಿ ಜೆರಾಕ್ಸ್, ಟೈಪಿಂಗ್, ಬೈಂಡಿಂಗ್ ಮಾಡುವ ಅಂಗಡಿಯೊಂದಿತ್ತು. ಅದರ ಮಾಲೀಕನ ಬೆರಳ ತುದಿಗಳಲ್ಲಿ ಸದಾ ಒಣಗಿದ ಅಂಟು ಇರುತ್ತಿದ್ದುದರಿಂದ ಎಲ್ಲರ ಬಾಯಲ್ಲೂ ಅವನು ಗೋಂದು. ಮಹಾಪ್ರಬಂಧ ಟೈಪು ಮಾಡಿಸಲು ಬಂದವರು ಹಾಗೆಯೇ ಒಂದು ಮಾತು ಕೇಳುತ್ತಿದ್ದರು: ಭಾಷೆ ಸ್ವಲ್ಪ ನೋಡಿಕೊಡುವವರು ಯಾರಾದರೂ ಇದ್ದಾರಾ? ಇದ್ದರು. ಗೋಂದು ಹೆಸರಿರುವ ಮೊದಲ ಪುಟವನ್ನು ಕಿತ್ತು, ಕಡತಕ್ಕೆ ನಂಬರು ಹಾಕಿ, ಉಪನ್ಯಾಸಕಿಗೆ ಕೊಡುತ್ತಿದ್ದ. ಬರೆದವರು ಯಾರೆಂದು ತಿದ್ದುವವರಿಗೆ ಗೊತ್ತಾಗಬಾರದು, ತಿದ್ದಿದವರು ಯಾರೆಂದು ಬರೆದವರಿಗೆ ಗೊತ್ತಾಗಬಾರದು. ಇದು ಅವನ ರೂಲು. ಅವಳು ಪೆನ್ಸಿಲಿನಲ್ಲಿ ತಿದ್ದುತ್ತಿದ್ದಳು, ಅವನು ಅದನ್ನು ನೋಡಿ ಕಂಪ್ಯೂಟರಿನಲ್ಲಿ ಸರಿ ಮಾಡುತ್ತಿದ್ದ, ತಿದ್ದಿದ ಹಾಳೆಗಳನ್ನು ಹರಿದುಹಾಕುತ್ತಿದ್ದ.

ಬೆಳಿಗ್ಗೆ ಐದರಿಂದ ಏಳರವರೆಗೆ ಅಡುಗೆಮನೆಯ ಮೇಜಿನಲ್ಲಿ, ಮಧ್ಯಾಹ್ನ ಪಾಠ ಮುಗಿದ ಮೇಲೆ ಅಂಗಡಿಯ ಹಿಂದಿನ ಬೆಂಚಿನಲ್ಲಿ. ಯಾರೋ ಬರೆದದ್ದನ್ನು ಅಷ್ಟು ಶ್ರದ್ಧೆಯಿಂದ ಓದಿ ಓದಿ, ಆಮೇಲೆ ತನ್ನ ವಿದ್ಯಾರ್ಥಿಗಳು ಕಳಿಸಿದ ಅಧ್ಯಾಯಗಳನ್ನು ತೆರೆದರೆ ಅಕ್ಷರಗಳು ಇರುವೆಗಳ ಹಾಗೆ ಕಾಣುತ್ತಿದ್ದವು. 'ನೋಡಿದ್ದೇನೆ, ಮುಂದುವರಿಸು' ಎಂದು ಉತ್ತರ ಬರೆದು ಮುಚ್ಚುತ್ತಿದ್ದಳು. ನೋಡುವುದೂ ಓದುವುದೂ ಬೇರೆ ಬೇರೆ ಎಂದು ಮನಸ್ಸಿನಲ್ಲಿ ಹೇಳಿಕೊಂಡರೆ ಅದು ಸುಳ್ಳೂ ಆಗುತ್ತಿರಲಿಲ್ಲ.

ಆ ಬುಧವಾರ ಮಧ್ಯಾಹ್ನ ಅವಳು ಪಾಲಿಸಿಯ ಎದುರಿನ ಕುರ್ಚಿಯಲ್ಲಿ ಕೂತು, ಯಾರದೋ ವಿಚಾರ ಎಂಬಂತೆ ಕೇಳಿದಳು. "ಸರ್, ಒಬ್ಬ ವಿದ್ಯಾರ್ಥಿ ಹೊರಗಡೆ ಯಾರ ಹತ್ರಾನೋ ಅಧ್ಯಾಯ ತಿದ್ದಿಸ್ಕೊಂಡ್ರೆ ಏನಂತೀರಿ?"

"ಎಷ್ಟು ತಿದ್ದಿಸ್ಕೊಂಡಿದ್ದಾನೆ?"

"ಪೂರ್ತಿ. ಅರ್ಧ ವಾಕ್ಯ ಅವರದ್ದೇ."

"ಕಳ್ಳತನ," ಎಂದರು ಪಾಲಿಸಿ, ಊಟದ ಡಬ್ಬಿಯ ಮುಚ್ಚಳ ತಿರುಗಿಸುತ್ತ.

"ಅದೇ ಕೆಲಸ ಗೈಡೇ ಕೂತು ಮಾಡಿದ್ರೆ?"

"ಮಾರ್ಗದರ್ಶನ."

"ತಿದ್ದಿದ ಹೊರಗಿನವರೂ ಗೈಡೂ ಒಬ್ಬರೇ ಆಗಿದ್ರೆ?"

ಪಾಲಿಸಿ ಮುಚ್ಚಳ ತಿರುಗಿಸುವುದನ್ನು ನಿಲ್ಲಿಸಿ ಅವಳ ಮುಖ ನೋಡಿದರು. "ಒಬ್ಬರೇ ಹೇಗಾಗ್ತಾರೆ ಮೇಡಂ? ಗೈಡಿಗೆ ಅಷ್ಟು ಬಿಡುವಿದ್ರೆ ಆ ಹುಡುಗ ಹೊರಗೆ ಯಾಕೆ ಹೋಗ್ತಿದ್ದ?" ತಮ್ಮ ಮಾತಿಗೆ ತಾವೇ ನಕ್ಕು, "ಅಂದ ಹಾಗೆ ನಿಮ್ಮ ಪಾಲಿಸೀಲಿ ನಾಮಿನಿ ಕಾಲಂ ಇನ್ನೂ ಖಾಲಿ ಬಿಟ್ಟಿದ್ದೀರಿ. ಹೀಗೆ ಬಿಟ್ರೆ ನಾಳೆ ನಿಮ್ಮವರು ಒದ್ದಾಡಬೇಕಾಗತ್ತೆ," ಎಂದು ಅರ್ಜಿಯೊಂದನ್ನು ಮುಂದಕ್ಕೆ ತಳ್ಳಿದರು.

ಸಂಜೆ ಮನೆಯಲ್ಲಿ ಅವಳು ಪ್ರತಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಒಣಗಿದ ಬಟ್ಟೆ ಮಡಿಸುತ್ತಿದ್ದ ಅತ್ತೆ ಬಗ್ಗಿ ನೋಡಿದರು.

"ಏನೇ ಅದು, ಪೆನ್ಸಿಲ್ಲೇ ಇಲ್ಲದೆ ಓದ್ತಿದ್ದೀಯ?"

"ಇದು ನಮ್ಮ ಹುಡುಗೀದು ಅತ್ತೆ. ಯೂನಿವರ್ಸಿಟೀದು."

"ಓಹೋ, ಇದಕ್ಕೆ ಪೆನ್ಸಿಲ್ ಬೇಡ." ಅತ್ತೆ ಟವೆಲಿನ ಮೂಲೆಗೆ ಮೂಲೆ ಸೇರಿಸಿದರು. "ಅವತ್ತು ಯಾರದೋ ಒಂದನ್ನ ಹಿಡ್ಕೊಂಡು ಬೈತಿದ್ದೆಯಲ್ಲ, ಹಾಲು ಉಕ್ಕಿಸಿದ ದಿನ. ಇದಕ್ಕೊಬ್ಬ ಗೈಡು ಅಂತ ಇದ್ದಾನಲ್ಲ, ಅವನೇನು ನೊಣ ಹೊಡೀತಿದ್ನಾ, ಸಂಬಳ ಅವನಿಗೆ, ಸಂಕಟ ನನಗೆ ಅಂತ. ನನಗೇ ಭಯ ಆಗಿತ್ತು ನಿನ್ನ ಬಾಯಿ ಕೇಳಿ. ಸಿಕ್ಕಿದ್ನಾ ಅವನು?"

ಉಪನ್ಯಾಸಕಿ ಪುಟ ತಿರುವಿದಳು. "ಸಿಕ್ಕಿದ ಅತ್ತೆ."

"ಚೆನ್ನಾಗಿ ಉಗಿದೆಯಾ?"

ಅವಳು ಇನ್ನೊಂದು ಪುಟ ತಿರುವಿದ್ದನ್ನು ಅತ್ತೆ ಹೌದು ಎಂದೇ ತಿಳಿದುಕೊಂಡರು. "ಒಳ್ಳೇದಾಯ್ತು. ಅಂಥವರಿಗೆ ಹಾಗೇ ಆಗಬೇಕು," ಎಂದು ಟವೆಲನ್ನು ರಾಶಿಯ ಮೇಲಿಟ್ಟು ತಟ್ಟಿದರು.

ಅತ್ತೆಯ ಮಾತಿನಿಂದ ಅವಳಿಗೆ ಇನ್ನೊಂದು ನೆನಪಾಯಿತು. ಅವತ್ತಿನ ಸಿಟ್ಟು ಬಾಯಲ್ಲಿ ಮಾತ್ರ ಮುಗಿದಿರಲಿಲ್ಲ. ಕಡತದ ಅಂಚಿನಲ್ಲಿ ಏನೋ ಬರೆದಿದ್ದಳು. ಏನೆಂದು ಸರಿಯಾಗಿ ನೆನಪಾಗಲಿಲ್ಲ. ಹರಿದುಹೋಗುವ ಹಾಳೆ ತಾನೇ ಎಂದು ಬರೆದಿದ್ದಳು.

*

ಗುರುವಾರ ಮಧ್ಯಾಹ್ನ ಎರಡನೇ ತರಗತಿಯನ್ನು ಹತ್ತು ನಿಮಿಷ ಮೊದಲೇ ಬಿಟ್ಟು ಅವಳು ಅಂಗಡಿಗೆ ಹೋದಳು. ಗೋಂದು ಕಾಗದದ ಕಟ್ಟೊಂದನ್ನು ಕತ್ತರಿಸುವ ಯಂತ್ರಕ್ಕೆ ಕೊಟ್ಟು, ಅಂಚು ಸಮ ಇದೆಯೇ ಎಂದು ಒಂದು ಕಣ್ಣು ಮುಚ್ಚಿ ನೋಡುತ್ತಿದ್ದ.

"ನಲವತ್ತಾರನೇ ನಂಬರ್ದು ನಾನು ತಿದ್ದಿದ ಹಾಳೆ ಬೇಕಿತ್ತು."

"ಅದಿಲ್ಲವಲ್ಲ ಅಕ್ಕ."

"ಹರಿದುಹಾಕಿದ್ರಾ?" ಅವಳ ಜೀವ ಒಂದು ಕ್ಷಣ ಹಗುರಾಯಿತು.

"ಹರಿಯೋಕೆ ಬಿಡಲಿಲ್ಲ ಅವರು. ಟೈಪು ಮಾಡೋವಾಗ ಪಕ್ಕದಲ್ಲೇ ನಿಂತಿದ್ರು. ಮುಗಿದ ಮೇಲೆ ಆ ಹಾಳೆ ನನಗೇ ಕೊಡಿ ಅಂದ್ರು. ನನ್ನ ರೂಲಿನಲ್ಲಿ ತಿದ್ದಿದವರ ಹೆಸರು ಹೇಳಬಾರದು ಅಂತ ಇದೆ, ಹಾಳೆ ಕೊಡಬಾರದು ಅಂತ ಇಲ್ಲ. ಕೊಟ್ಟೆ." ಗೋಂದು ಯಂತ್ರದ ಹಿಡಿ ಒತ್ತಿದ, ಕಾಗದದ ಸಣ್ಣ ಸಣ್ಣ ಎಳೆಗಳು ಉದುರಿದವು. "ಆ ಬೆಂಚಿನ ಮೇಲೆ ಕೂತು ಮೊದಲಿಂದ ಕೊನೇವರೆಗೂ ಓದಿದ್ರು. ಅತ್ತರೋ ನಕ್ಕರೋ ಗೊತ್ತಾಗಲಿಲ್ಲ ನನಗೆ, ಬೆನ್ನು ಈ ಕಡೆ ಇತ್ತು."

"ಏನಾದ್ರೂ ಕೇಳಿದ್ರಾ?"

"ಇವರು ಎಲ್ಲಾದ್ರೂ ಪಾಠ ಮಾಡ್ತಾರಾ ಅಂದ್ರು. ನಾನು, ನಮ್ಮಲ್ಲಿ ಪಾಠ ಮಾಡೋರೂ ಬರ್ತಾರೆ, ಪಾಠ ಬೇಕಾದವರೂ ಬರ್ತಾರೆ ಅಂದೆ. ಹೆಂಗೆ?" ಗೋಂದುವಿಗೆ ತನ್ನ ಜಾಣತನ ಹಿಡಿಸಿತ್ತು. ಅವಳ ಮುಖ ನೋಡಿ ನಗು ನಿಲ್ಲಿಸಿದ. "ಯಾಕಕ್ಕ, ಏನಾದ್ರೂ ಎಡವಟ್ಟಾಯ್ತಾ?"

"ತಿದ್ದೋದಕ್ಕೆ ಮುಂಚಿನದ್ದು ಕಂಪ್ಯೂಟರ್‌ನಲ್ಲಿ ಇದೆಯಾ?"

ಇತ್ತು. ಅವನು ಮುದ್ರಿಸಿ ಕೊಟ್ಟ. ಇನ್ನೂ ಬೆಚ್ಚಗಿದ್ದ ಹಾಳೆಗಳನ್ನು ಹಿಡಿದು ಅವಳು ಹಿಂದಿನ ಬೆಂಚಿನಲ್ಲಿ ಕೂತಳು. ತಾನು ತೆಗೆದುಹಾಕಿದ ಭಾಗ ಎಲ್ಲಿತ್ತೆಂದು ಕೈಗೆ ನೆನಪಿತ್ತು. ನಾಲ್ಕನೇ ಹಾಳೆಯ ಕೆಳಗಿನ ಅರ್ಧ.

ಪ್ರತಿದಿನ ಹನ್ನೊಂದು ಗಂಟೆಗೆ ಒಬ್ಬ ಮುದುಕ ಬರುತ್ತಿದ್ದ, ಅವನವರು ಯಾರೂ ಒಳಗೆ ಇರಲಿಲ್ಲ, ಇದ್ದವಳು ಹೋಗಿ ನಲವತ್ತು ದಿನ ಆಯಿತು ಎಂದು ನರ್ಸು ಹೇಳಿದಳು, ಆದರೂ ಅವನು ಅದೇ ಕುರ್ಚಿಯಲ್ಲಿ ಕೂತು ಅವರು ಹೆಸರು ಕೂಗುವಾಗ ಪ್ರತಿ ಹೆಸರಿಗೂ ತಲೆ ಎತ್ತುತ್ತಿದ್ದ. ನಾನು ಅವನನ್ನು ಏನೂ ಕೇಳಲಿಲ್ಲ ಏಕೆಂದರೆ ನನ್ನ ಅಮ್ಮ ಒಳಗೆ ಇದ್ದರು, ಆ ಹದಿನೇಳು ದಿನ ನಾನು ಸಂಶೋಧನೆ ಮಾಡುತ್ತಿದ್ದೇನೋ ಕಾಯುತ್ತಿದ್ದೇನೋ ನನಗೆ ಗೊತ್ತಾಗಲಿಲ್ಲ.

ಗೂಡ್ಸು ಗಾಡಿ ವಾಕ್ಯಗಳು. ಅಲ್ಪವಿರಾಮ ಇರಬೇಕಾದಲ್ಲಿ ಇಲ್ಲ, ಪೂರ್ಣವಿರಾಮ ಇರಬೇಕಾದಲ್ಲಿ ಅಲ್ಪವಿರಾಮ. ಪೆನ್ಸಿಲಿನಿಂದ ಅಡ್ಡಗೆರೆ ಎಳೆದು ತಾನು ಬರೆದದ್ದು ಈಗ ಅಕ್ಷರ ಅಕ್ಷರವಾಗಿ ಕಣ್ಣೆದುರು ಬಂತು. 'ವೈಯಕ್ತಿಕ. ಸಂಶೋಧನೆಗೆ ಬೇಡ.' ಅದರ ಕೆಳಗೆ, ಹಾಲಿನ ಸಿಟ್ಟಿನಲ್ಲಿ, 'ಇದನ್ನು ಮಾರ್ಗದರ್ಶಕರು ಕಣ್ಣೆತ್ತಿಯೂ ನೋಡಿದಂತಿಲ್ಲ.'

ಮೂರು ವರ್ಷ ತನ್ನ ಟಿಪ್ಪಣಿಗಳನ್ನು ಓದಿದ ಹುಡುಗಿಗೆ ಆ ಕೈಬರಹ ಗೊತ್ತಾಗದೆ ಇರುತ್ತದೆಯೇ? ಆದರೆ ಮೂರು ವರ್ಷದಲ್ಲಿ ತಾನು ಅವಳಿಗೆ ಬರೆದ ಟಿಪ್ಪಣಿಗಳಾದರೂ ಎಷ್ಟು? ಮೊದಲ ವರ್ಷ ಮೂರೋ ನಾಲ್ಕೋ. ಆಮೇಲೆ ಎಲ್ಲ ಫೋನಿನಲ್ಲಿ, 'ನೋಡಿದ್ದೇನೆ, ಮುಂದುವರಿಸು'. ಗುರುತು ಸಿಕ್ಕಿರಲಾರದು ಎಂದು ಸಮಾಧಾನ ಮಾಡಿಕೊಳ್ಳಹೋದರೆ ಆ ಸಮಾಧಾನವೇ ಇನ್ನೊಂದು ಕಡೆಯಿಂದ ಚುಚ್ಚುತ್ತಿತ್ತು.

ವಿಷಯ ಬದಲಾಯಿಸಿದ ದಿನವೂ ಆಗ ನೆನಪಿಗೆ ಬಂತು. ವಿಭಾಗದ ಮೆಟ್ಟಿಲ ಮೇಲೆ, ಅವಳು ಇಳಿಯುತ್ತಿದ್ದಳು, ಹುಡುಗಿ ಹತ್ತುತ್ತಿದ್ದಳು. "ಮೇಡಂ, ವಿಷಯ ಬದಲಾಯಿಸಬೇಕು ಅಂತ, ಯಾಕಂದ್ರೆ ನಮ್ಮ ಅಮ್ಮ..." ಎಂದು ಅರ್ಜಿ ಚಾಚಿದ್ದಳು. ಗೋಡೆಗೆ ಒತ್ತಿ ಹಿಡಿದು ಸಹಿ ಹಾಕಿ, "ಆಮೇಲೆ ಹೇಳಮ್ಮ, ಬಸ್ಸು ಬಂತು" ಎಂದು ಇಳಿದು ಹೋಗಿದ್ದಳು. ಬಸ್ಸು ಹಿಡಿದು ಬಂದದ್ದು ಈ ಬೆಂಚಿಗೆ.

*

ಶುಕ್ರವಾರ ಹತ್ತೂವರೆಗೆ ಹುಡುಗಿ ಬಂದಳು. ಉಳಿದ ಮೂರು ಪ್ರತಿಗಳನ್ನು ಎದೆಗೆ ಅವುಚಿಕೊಂಡಿದ್ದಳು. ಕೋಣೆಯಲ್ಲಿ ಬೇರೆ ಯಾರೂ ಇರಲಿಲ್ಲ.

"ಕೂತ್ಕೋ," ಎಂದಳು ಉಪನ್ಯಾಸಕಿ.

"ಪರವಾಗಿಲ್ಲ ಮೇಡಂ."

"ಕೂತ್ಕೋ ಅಂದ್ನಲ್ಲ."

ಹುಡುಗಿ ಕುರ್ಚಿಯ ತುದಿಯಲ್ಲಿ ಕೂತಳು. ಮೂರು ವರ್ಷದಲ್ಲಿ ಅವಳು ಆ ಕುರ್ಚಿಯಲ್ಲಿ ಕೂತದ್ದನ್ನು ನೋಡಿದ ನೆನಪಾಗಲಿಲ್ಲ ಉಪನ್ಯಾಸಕಿಗೆ. ಯಾವಾಗಲೂ ನಿಂತೇ, ಒಂದು ಕಾಲು ಬಾಗಿಲ ಕಡೆ.

"ಅಮ್ಮ ಹೇಗಿದ್ದಾರೆ?"

ಹುಡುಗಿ ಸರಕ್ಕನೆ ತಲೆ ಎತ್ತಿದಳು. "ಮನೇಲಿದ್ದಾರೆ ಮೇಡಂ. ಓಡಾಡ್ತಾರೆ. ಮಾತು ಸ್ವಲ್ಪ ನಿಧಾನ." ಪ್ರತಿಗಳನ್ನು ಮಡಿಲಿಗೆ ಇಳಿಸಿ, "ನಿಮಗೆ ಯಾರು ಹೇಳಿದ್ರು?" ಎಂದಳು.

ಉಪನ್ಯಾಸಕಿ ಮೇಜಿನ ಮೇಲಿದ್ದ ಪ್ರತಿಯನ್ನು ತನ್ನ ಕಡೆ ಎಳೆದುಕೊಂಡಳು. ಮೊದಲೇ ಸಿದ್ಧ ಮಾಡಿಕೊಂಡಿದ್ದನ್ನೇ ಕೇಳಿದಳು. "ನಾಲ್ಕನೇ ಅಧ್ಯಾಯ ಯಾರಾದ್ರೂ ನೋಡಿಕೊಟ್ರಾ ನಿನಗೆ?"

"ಹೂಂ ಮೇಡಂ. ಒಬ್ಬರು."

"ಯಾರು?"

"ಹೆಸರು ಗೊತ್ತಿಲ್ಲ. ಜೆರಾಕ್ಸ್ ಅಂಗಡಿ ಮೂಲಕ." ಹುಡುಗಿಯ ದನಿಯಲ್ಲಿ ಏರಿಳಿತ ಇರಲಿಲ್ಲ. "ತಪ್ಪು ಅಂತ ಗೊತ್ತು. ನಿಮಗೆ ನಾಲ್ಕು ಸಲ ಕಳಿಸಿದ್ದೆ, ನೀವು ಮುಂದುವರಿಸು ಅಂದ್ರಿ. ಎಲ್ಲಿಗೆ ಮುಂದುವರಿಸೋದು ಅಂತ ಗೊತ್ತಾಗಲಿಲ್ಲ. ಆದ್ರೆ ತುಂಬಾ ಚೆನ್ನಾಗಿ ನೋಡ್ತಾರೆ ಮೇಡಂ ಅವರು. ಒಂದೊಂದು ಸಾಲಿಗೂ ಕೂತಿದ್ದಾರೆ. ಮೂರು ವರ್ಷದಲ್ಲಿ ನಾನು ಬರೆದದ್ದನ್ನ ಯಾರಾದ್ರೂ ಅಷ್ಟು ಓದಿದ್ದಾರೆ ಅಂದ್ರೆ ಅವರೊಬ್ಬರೇ."

ಇದು ಹೊಗಳಿಕೆಯೋ ಚುಚ್ಚೋ? ಉಪನ್ಯಾಸಕಿ ಹುಡುಗಿಯ ಮುಖದಲ್ಲಿ ಹುಡುಕಿದಳು. ಅಲ್ಲಿ ನಿದ್ದೆ ಸಾಲದ ಕಣ್ಣುಗಳು ಮಾತ್ರ ಇದ್ದವು. ಮೇಜಿನ ಮೇಲೆ ಹಳದಿ ಚೀಟಿಯ ಪುಟ ತೆರೆದುಕೊಂಡಿತ್ತು: ಈ ಮಹಾಪ್ರಬಂಧವು ನನ್ನ ಮಾರ್ಗದರ್ಶನದಲ್ಲಿ ಅಭ್ಯರ್ಥಿಯು ಸ್ವತಃ ಸಿದ್ಧಪಡಿಸಿದ್ದೆಂದು ದೃಢೀಕರಿಸುತ್ತೇನೆ. ತನ್ನ ಕೈಯಿಂದಲೇ ಆದದ್ದು, ಹಾಗಾಗಿ ಮಾರ್ಗದರ್ಶನ. ಆದರೆ ಕೊಟ್ಟವಳಿಗೆ ಯಾರಿಗೆ ಕೊಡುತ್ತಿದ್ದೇನೆಂದು ಗೊತ್ತಿರಲಿಲ್ಲ. ಗೊತ್ತಿಲ್ಲದೆ ಕೊಟ್ಟದ್ದನ್ನು ಏನೆಂದು ಕರೆಯುತ್ತಾರೆ? ಇಲ್ಲೇ, ಈ ಮೇಜಿನ ಮೇಲೆ, ಎರಡು ಮಧ್ಯಾಹ್ನ ಕೂತಿದ್ದರೆ ಇದೇ ಸಾಲುಗಳು ಇದೇ ಪುಟದಲ್ಲಿ ಇರುತ್ತಿದ್ದವು, ಸಹಿಗೆ ಒಂದು ನಿಮಿಷವೂ ಹಿಡಿಯುತ್ತಿರಲಿಲ್ಲ.

ಇದೇ ಸಾಲುಗಳು ಇರುತ್ತಿದ್ದವೇ? ಅವಳಿಗೆ ಅದೂ ಖಚಿತವಿರಲಿಲ್ಲ.

"ಆ ಮುದುಕ ಎಲ್ಲಿ?" ಎಂದಳು.

"ಯಾವ ಮುದುಕ?"

"ಹನ್ನೊಂದು ಗಂಟೆಗೆ ಬರೋನು. ಪ್ರತಿ ಹೆಸರಿಗೂ ತಲೆ ಎತ್ತೋನು."

ಹೊರಗೆ ಕಾರಿಡಾರಿನಲ್ಲಿ ಯಾರೋ ಬೆಂಚನ್ನು ಎಳೆದುಕೊಂಡು ಹೋದ ಸದ್ದು ಈ ತುದಿಯಿಂದ ಆ ತುದಿಯವರೆಗೂ ಕೇಳಿಸಿತು. ಆ ಮುದುಕ ಈ ನಾಲ್ಕು ಪ್ರತಿಗಳಲ್ಲಿ ಎಲ್ಲಿಯೂ ಇರಲಿಲ್ಲ. ಅವನನ್ನು ನೋಡಿದವರು ಹುಡುಗಿ, ಗೋಂದುವಿನ ಕಂಪ್ಯೂಟರು ಮತ್ತು ಅವನ ಮೇಲೆ ಅಡ್ಡಗೆರೆ ಎಳೆದವರು, ಇಷ್ಟೇ.

"ಅವರು ಬೇಡ ಅಂದ್ರು," ಎಂದಳು ಹುಡುಗಿ ಕೊನೆಗೆ. "ವೈಯಕ್ತಿಕ ಅಂತ ಬರೆದಿದ್ರು."

"ಅವರಿಗೆ ಗೊತ್ತಾಗಲಿಲ್ಲ. ವಾಪಸ್ ಹಾಕು."

"ಇವತ್ತು ನಾಲ್ಕೂವರೆಗೆ ಆಫೀಸು ಮುಚ್ಚತ್ತೆ ಮೇಡಂ."

"ಈಗಿನ್ನೂ ಹನ್ನೊಂದಾಗಿಲ್ಲ. ನಾನು ಬರ್ತೀನಿ ಜೊತೆಗೆ." ಉಪನ್ಯಾಸಕಿ ಎದ್ದು ಎರಡು ಪ್ರತಿಗಳನ್ನು ತಾನೇ ಎತ್ತಿಕೊಂಡಳು. ಹನ್ನೆರಡು ಗಂಟೆಯ ತರಗತಿ ಇವತ್ತು ಇಲ್ಲವೆಂದು ಬಾಗಿಲ ಮೇಲೆ ಚೀಟಿ ಅಂಟಿಸುವಾಗ, ಈ ಕಾರಣಕ್ಕೆ ತರಗತಿ ತಪ್ಪಿಸುತ್ತಿರುವುದು ಇದೇ ಮೊದಲು ಎಂದೂ, ಬೇರೆ ಕಾರಣಕ್ಕೆ ಎಷ್ಟನೆಯದೋ ಎಂದೂ ಅನ್ನಿಸಿತು.

ಯಾವ ಅಂಗಡಿಗೆ ಎಂದು ಇಬ್ಬರೂ ಕೇಳಲಿಲ್ಲ. ಬಸ್ ನಿಲ್ದಾಣದ ಹಿಂದೆ ತಿರುಗುವಲ್ಲಿ ಹುಡುಗಿ ಅರ್ಧ ಹೆಜ್ಜೆ ಹಿಂದೆ ಉಳಿದಳು. ಉಪನ್ಯಾಸಕಿ ತಾನೇ ಮೊದಲು ತಿರುಗಿದಳು, ದಾರಿ ತನಗೆ ಗೊತ್ತೆಂದು ತೋರಿಸಿಕೊಟ್ಟದ್ದು ತಿರುಗಿದ ಮೇಲೆ ಅವಳಿಗೆ ಹೊಳೆಯಿತು.

ಒಟ್ಟಿಗೆ ಒಳಗೆ ಬಂದ ಇಬ್ಬರನ್ನು ನೋಡಿ ಗೋಂದು ಅಂಟಿನ ಕುಂಚವನ್ನು ಗಾಳಿಯಲ್ಲೇ ಹಿಡಿದು ನಿಂತ. ಅವನ ರೂಲು ಇಂಥ ಪರಿಸ್ಥಿತಿಯನ್ನು ಕಂಡಿರಲಿಲ್ಲ. ಆದರೂ ಅವನು ಸೋಲುವವನಲ್ಲ.

"ಬನ್ನಿ, ಬನ್ನಿ," ಎಂದ ಹುಡುಗಿಗೆ. ಆಮೇಲೆ ಉಪನ್ಯಾಸಕಿಯ ಕಡೆ ತಿರುಗಿ, ಜನ್ಮದಲ್ಲಿ ನೋಡದವನ ಹಾಗೆ, "ತಾವು ಯಾರು ಮೇಡಂ? ಗೊತ್ತಾಗಲಿಲ್ಲ," ಎಂದ.

ಹುಡುಗಿ ನಕ್ಕಳು. ಬುಧವಾರದಿಂದ ಮೊದಲ ಸಲ. ಬಹುಶಃ ಅದಕ್ಕೂ ಹಿಂದಿನಿಂದ. "ಇವರು ನಮ್ಮ ಗೈಡು," ಎಂದಳು.

"ಗೈಡಾ?" ಗೋಂದುವಿನ ಕಣ್ಣು ಒಬ್ಬಳಿಂದ ಇನ್ನೊಬ್ಬಳಿಗೆ ಹೋಗಿ ಬಂತು. ಅಂಚಿನಲ್ಲಿ ಬರೆದದ್ದನ್ನು ಟೈಪು ಮಾಡುವಾಗ ಅವನೂ ಓದಿದ್ದ. ಕುಂಚದಿಂದ ಅಂಟು ಅವನ ಚಪ್ಪಲಿಯ ಮೇಲೆ ತೊಟ್ಟಿಕ್ಕಿತು. "ಒಳ್ಳೇದು. ಗೈಡಿದ್ರೆ ಒಳ್ಳೇದು," ಎಂದು ಬಗ್ಗಿ ಚಪ್ಪಲಿ ಒರೆಸಿಕೊಂಡ.

ಕೆಲಸದ ವಿಷಯ ಬಂದ ಮೇಲೆ ಅವನು ಸರಿಯಾದ. ಮುಂದಿನ ಪುಟಗಳ ನಂಬರು ಯಾವುದನ್ನೂ ಮುಟ್ಟುವುದು ಬೇಡ, ನೂರಾ ಹದಿನೆಂಟರ ಆಚೆ 'ನೂರಾ ಹದಿನೆಂಟು ಅ' ಎಂದು ಒಂದು ಪುಟ ಸೇರಿಸಿದರೆ ಆಯಿತು, ನಾಲ್ಕು ಪ್ರತಿಯ ಬೆನ್ನು ಬಿಚ್ಚಿ ಮತ್ತೆ ಅಂಟಿಸಿ ಭಾರದಡಿ ಒತ್ತಿಗೆ ಇಡಲು ಮೂರೂವರೆ ಗಂಟೆ ಬೇಕು ಎಂದ. ಮುದುಕನ ಭಾಗ ಪರದೆಯ ಮೇಲೆ ಬಂತು. ಉಪನ್ಯಾಸಕಿ ಬಗ್ಗಿ ಓದುತ್ತ, "ಇಲ್ಲಿ 'ಹೇಳಿದಳು' ಆದ ಮೇಲೆ ವಾಕ್ಯ ಮುಗಿಸು. 'ಆದರೂ' ಅಂತ ಹೊಸದಾಗಿ..." ಎಂದು ಬೆರಳು ಚಾಚಿದಳು.

"ಅದು ಹಾಗೇ ಇರಲಿ ಮೇಡಂ."

"ಉದ್ದ ಆಯ್ತಲ್ಲೇ."

"ಇರಲಿ."

ಉಪನ್ಯಾಸಕಿ ಬೆರಳು ಹಿಂದಕ್ಕೆ ತೆಗೆದುಕೊಂಡಳು. ಆ ಬೆರಳನ್ನು ಎಲ್ಲಿಡಬೇಕೆಂದು ತಿಳಿಯದೆ ಸ್ವಲ್ಪ ಹೊತ್ತು ಇನ್ನೊಂದು ಕೈಯಲ್ಲಿ ಹಿಡಿದುಕೊಂಡಳು.

ಅಂಟು ಹಿಡಿಯುವವರೆಗೆ ಇಬ್ಬರೂ ಬೆಂಚಿನ ಮೇಲೆ ಕೂತರು. ಉಪನ್ಯಾಸಕಿ ಮೊದಲ ಅಧ್ಯಾಯವನ್ನು ಬಿಡಿ ಹಾಳೆಗಳಲ್ಲಿ ಮುದ್ರಿಸಿಕೊಂಡು ಓದತೊಡಗಿದಳು. ಹುಡುಗಿ ಗೋಡೆಯ ಗಡಿಯಾರ ನೋಡುತ್ತಿದ್ದಳು. ಮೂರಾಯಿತು. ಮೂರೂ ಕಾಲಾಯಿತು. ಉಪನ್ಯಾಸಕಿ ಹದಿನೇಳನೇ ಪುಟದಲ್ಲಿದ್ದಳು.

"ಮೇಡಂ, ಈಗ ಸಹಿ ಸಾಕು," ಎಂದಳು ಹುಡುಗಿ. ಮಕ್ಕಳಿಗೆ ಹೇಳುವಂತೆ ಹೇಳಿದಳು.

"ಆ ಹಾಳೆ ಇಟ್ಕೊಂಡಿದ್ದೀಯಾ? ತಿದ್ದಿದ್ದು?"

"ಇದೆ ಮೇಡಂ. ಮನೇಲಿದೆ."

"ಏನು ಮಾಡ್ತೀಯ ಅದನ್ನ?"

"ಏನು ಮಾಡಲಿ?" ಹುಡುಗಿ ನಿಜವಾಗಿ ಯೋಚಿಸಿದಳು. "ನಾನು ಬರೆದದ್ದನ್ನ ತಿದ್ದಿದ್ದು ಅಂತ ಇರೋದು ಅದೊಂದೇ."

ಗೋಂದು ಮೊದಲ ಪ್ರತಿಯನ್ನು ಕಟ್ಟೆಯ ಮೇಲಿಟ್ಟು ಹಳದಿ ಚೀಟಿಯ ಪುಟ ತೆರೆದುಕೊಟ್ಟ. ನನ್ನ ಮಾರ್ಗದರ್ಶನದಲ್ಲಿ, ಹೌದು. ಸ್ವತಃ, ಅದೂ ಹೌದು. ಎರಡನ್ನೂ ಒಂದೇ ಉಸಿರಿನಲ್ಲಿ ಓದಿದರೆ ಮಾತ್ರ ಏನೋ ಸರಿಹೋಗುತ್ತಿರಲಿಲ್ಲ. ಉಪನ್ಯಾಸಕಿ ಸಹಿ ಹಾಕಿದಳು. ಎರಡನೆಯದಕ್ಕೂ, ಮೂರನೆಯದಕ್ಕೂ ಹಾಕಿದಳು. ನಾಲ್ಕನೆಯದಕ್ಕೆ ಹಾಕುವಾಗ ತನ್ನ ಹೆಸರಿನ ಒಂದು ಅಕ್ಷರ ಬಿಟ್ಟುಹೋಗಿ, ಮೇಲೆ ಸಣ್ಣದಾಗಿ ಸೇರಿಸಿದಳು.

"ಅಂಟು ಪೂರ್ತಿ ಒಣಗಿಲ್ಲ," ಎಂದ ಗೋಂದು. "ಓರೆ ಮಾಡಬೇಡಿ. ಹೀಗೇ, ಅಡ್ಡಕ್ಕೆ ಹಿಡ್ಕೊಂಡು ಹೋಗಿ."

ಹುಡುಗಿ ನಾಲ್ಕು ಪ್ರತಿಗಳನ್ನೂ ಎರಡು ಕೈಗಳ ಮೇಲೆ ಚಪ್ಪಟೆಯಾಗಿ ಹೊತ್ತು, ಓಡಲೂ ಆಗದೆ ನಡೆಯಲೂ ಆಗದೆ, ಗಲ್ಲಿಯ ಉದ್ದಕ್ಕೂ ಹೋದಳು. ತಿರುವಿನಲ್ಲಿ ಒಂದು ಕ್ಷಣ ನಿಂತಳು. ಹಿಂತಿರುಗಿ ನೋಡಲೋ, ಎದುರಿನಿಂದ ಬರುವ ಬಸ್ಸಿಗೆ ದಾರಿ ಬಿಡಲೋ, ಬಾಗಿಲಲ್ಲಿ ನಿಂತಿದ್ದವಳಿಗೆ ಗೊತ್ತಾಗಲಿಲ್ಲ.

ಒಳಗೆ ಗೋಂದು ಮೇಜಿನ ಕೆಳಗಿನಿಂದ ಒಂದು ಕಡತ ತೆಗೆದು ಧೂಳು ಕೊಡವಿದ. ಮತ್ತೆ ಗುರುತು ಹತ್ತಿದವನಾಗಿ, "ಅಕ್ಕ, ಇದು ಐವತ್ತೆರಡು. ಸೋಮವಾರಕ್ಕೆ ಬೇಕಂತೆ," ಎಂದ.

"ಯಾರದ್ದು?"

"ಅಕ್ಕಾ," ಎಂದ ಗೋಂದು, ನೊಂದವನ ಹಾಗೆ.

ಅವಳು ಕಡತ ತೆಗೆದುಕೊಂಡು ಬೆಂಚಿನ ಮೇಲೆ ಕೂತಳು. ತೆರೆಯಲಿಲ್ಲ, ವಾಪಸು ಕೊಡಲೂ ಇಲ್ಲ. ಮೊದಲ ಪುಟ ಕಿತ್ತ ಮೂಲೆಯಲ್ಲಿ ಸ್ಟೇಪ್ಲರ್ ಪಿನ್ನು ಉಳಿದಿತ್ತು, ಅದಕ್ಕೆ ಸಿಕ್ಕಿಕೊಂಡು ಉಳಿದ ಕಾಗದದ ಒಂದು ಚೂರೂ ಇತ್ತು. ಅದರ ಮೇಲೆ ಯಾವುದೋ ಅಕ್ಷರದ ಒಂದು ಕೊಂಬು. ಅವಳು ಅದನ್ನು ಬೆಳಕಿಗೆ ಹಿಡಿದು, ಅದು ಯಾವ ಅಕ್ಷರದ್ದಿರಬಹುದೆಂದು ನೋಡುತ್ತ ಕೂತಳು.